ಎತ್ತಿನ ಸೋಮವಾರ, ಗಿರಣಿಯ ಭಾನುವಾರ: ವಾರದ ಬಿಡುವಿನ ಇತಿಹಾಸ

ದಿನನಿತ್ಯದ ದುಡಿಮೆಯ ಒತ್ತಡ ಮೈಮನಸ್ಸಿನಲ್ಲಿ ಜಮೆಯಾಗದಂತೆ ತಡೆಯಲು ಜನ ಕಂಡುಕೊಂಡ ಉಪಾಯಗಳಲ್ಲಿ ಗೊತ್ತಾದ ದಿನ ಕೆಲಸ ನಿಲ್ಲಿಸುವ ಪದ್ಧತಿ ಬಹಳ ಹಳೆಯದು. ಕರ್ನಾಟಕದಲ್ಲಿ ಅದು ಒಂದೇ ಮೂಲದಿಂದ ಬಂದದ್ದಲ್ಲ. ಒಕ್ಕಲಿಗನಿಗೆ ಸೋಮವಾರ, ಬಡಿಗ-ಕಮ್ಮಾರರಿಗೆ ಅಮಾವಾಸ್ಯೆ, ಪಾಠಶಾಲೆಯ ಹುಡುಗನಿಗೆ ಪಾಡ್ಯ, ಕ್ಷೌರಿಕನಿಗೆ ಮಂಗಳವಾರ, ಕಾಫಿ ತೋಟದ ಆಳಿಗೆ ಸಂತೆಯ ದಿನ, ನಿಜಾಮನ ಕಚೇರಿಯ ಗುಮಾಸ್ತನಿಗೆ ಶುಕ್ರವಾರ, ಗಿರಣಿಯವನಿಗೆ ಭಾನುವಾರ. ಇವುಗಳಲ್ಲಿ ಹೆಚ್ಚಿನವು ಮನುಷ್ಯನ ದಣಿವನ್ನು ನೋಡಿ ಕೊಟ್ಟ ಬಿಡುವುಗಳಲ್ಲ. ಎತ್ತಿಗೆ, ಉಳಿ-ಬಾಚಿಗೆ, ವೇದಕ್ಕೆ, ದೇವರಿಗೆ ಸಂದ ಬಿಡುವಿನ ನೆರಳಿನಲ್ಲಿ ಮನುಷ್ಯನೂ ಒಂದಿಷ್ಟು ಬೆನ್ನು ನೆಟ್ಟಗೆ ಮಾಡಿಕೊಂಡ, ಅಷ್ಟೆ. ದುಡಿಯುವವನ ಹೆಸರಿನಲ್ಲೇ ರಜೆ ಹುಟ್ಟಿದ್ದು ತೀರಾ ಈಚೆಗೆ, ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ.

ಬಯಲುಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಸೋಮವಾರ ಆರು ಕಟ್ಟುತ್ತಿರಲಿಲ್ಲ. ಸೋಮವಾರ ಶಿವನ ವಾರ, ಎತ್ತು ಅವನ ಬಸವ. ಅಂದು ಬಸವನ ಹೆಗಲಿಗೆ ನೊಗ ಇಟ್ಟರೆ ಮನೆಗೆ ಒಳ್ಳೆಯದಲ್ಲ ಎಂಬ ನಂಬಿಕೆ. ನಂಬಿಕೆಯ ಹಿಂದೆ ಲೆಕ್ಕಾಚಾರವೂ ಇತ್ತು. ಉಳುಮೆಯ ಹಂಗಾಮಿನಲ್ಲಿ ಆರು ದಿನ ನೊಗ ಹೊತ್ತ ಎತ್ತಿನ ಹೆಗಲು ಕೆಂಪಗೆ ಉಜ್ಜಿಕೊಂಡಿರುತ್ತದೆ. ಬಿಡುವು ಕೊಡದಿದ್ದರೆ ಅದು ಬಾತು, ಹುಣ್ಣಾಗಿ, ಇಡೀ ಹಂಗಾಮನ್ನೇ ಕೆಡಿಸುತ್ತದೆ. ಆದ್ದರಿಂದ ಸೋಮವಾರ ಬೆಳಿಗ್ಗೆ ಎತ್ತುಗಳನ್ನು ಕೆರೆಗೆ ಹೊಡೆದು, ಹುಲ್ಲಿನ ಸಿಂಬಿಯಿಂದ ಮೈ ತಿಕ್ಕಿ, ಹೆಗಲಿಗೆ ಹರಳೆಣ್ಣೆ ಸವರಿ, ಗೊರಸಿನ ಸಂದಿಯಲ್ಲಿ ಕಲ್ಲು ಸಿಕ್ಕಿದೆಯೇ ಎಂದು ಬೆರಳಾಡಿಸಿ ನೋಡಿ, ನೆನೆಸಿದ ಹುರುಳಿ ಇಟ್ಟು ಹಟ್ಟಿಯಲ್ಲಿ ಕಟ್ಟುವುದು. ಒಂದು ಜೋಡಿ ಎತ್ತು ಕುಟುಂಬದ ದೊಡ್ಡ ಬಂಡವಾಳವಾಗಿದ್ದ ಕಾಲದಲ್ಲಿ ಈ ಉಪಚಾರ ಭಕ್ತಿಯೂ ಹೌದು, ಜಾಣತನವೂ ಹೌದು.

ಸೋಮವಾರದ ಬಿಡುವು ಎತ್ತಿಗೆ ಸಿಕ್ಕಷ್ಟು ಅದನ್ನು ಹೊಡೆಯುವವನಿಗೆ ಸಿಗಲಿಲ್ಲ ಎಂಬುದನ್ನೂ ಗಮನಿಸಬೇಕು. ನೇಗಿಲು ಮೂಲೆಗೆ ಒರಗಿದ ದಿನ ಬೇಲಿ ಕಟ್ಟುವುದು, ಹಗ್ಗ ಹೊಸೆಯುವುದು, ಕಣ ಸಾರಿಸುವುದು, ಸೌದೆ ಒಡೆಯುವುದು ಕಾದಿರುತ್ತಿತ್ತು. ಸ್ವಂತ ಹೊಲದ ರೈತನಿಗೆ ಇವೆಲ್ಲ ತನ್ನ ಇಷ್ಟದ ಹೊತ್ತಿನಲ್ಲಿ, ಜಗಲಿಯ ಮೇಲೆ ಮಾತಾಡುತ್ತ ಮಾಡಬಹುದಾದ ಹಗುರ ಕೆಲಸಗಳು. ಜೀತಕ್ಕಿದ್ದ ಆಳಿಗೆ ಹಾಗಲ್ಲ. ಎತ್ತು ಮೇಯುತ್ತ ಮಲಗಿದ ದಿನವೂ ಅವನ ಪಾಲಿಗೆ ದುಡಿಮೆಯ ದಿನವೇ. ಗ್ರಾಮೀಣ ಬದುಕಿನ ನೆಮ್ಮದಿಯನ್ನು ಹೊಗಳುವ ಬರಹಗಳು ಈ ವ್ಯತ್ಯಾಸವನ್ನು ದಾಟಿ ಮುಂದೆ ಹೋಗಿಬಿಡುತ್ತವೆ.

ವಾರದ ಬಿಡುವಿನ ಜೊತೆಗೆ ವರ್ಷದ ದೊಡ್ಡ ಬಿಡುವುಗಳಿದ್ದವು. ಜ್ಯೇಷ್ಠ ಮಾಸದ ಕಾರಹುಣ್ಣಿಮೆಯಲ್ಲಿ ಎತ್ತಿನ ಕೊಂಬಿಗೆ ಬಣ್ಣ ಹಚ್ಚಿ, ಓಡಿಸಿ, ಕರಿ ಹರಿಯುವುದು. ಅದೇ ತಿಂಗಳ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಮಣ್ಣಿನ ಎತ್ತು ಮಾಡಿ ಪೂಜಿಸುವುದು. ಶ್ರಾವಣದ ನಾಗರ ಪಂಚಮಿಗೆ ನೆಲ ಅಗೆಯದೆ, ಉಳದೆ ಇರುವುದು. ಇವೆಲ್ಲ ಮುಂಗಾರಿನ ಕೆಲಸ ತಲೆಯ ಮೇಲೆ ಕುಳಿತಿರುವ ದಿನಗಳಲ್ಲೇ ಬರುತ್ತವೆ. ಬಿಡುವು ಬೇಕಾದದ್ದು ಕೆಲಸ ಕಡಿಮೆಯಿರುವಾಗಲ್ಲ, ಹೆಚ್ಚಿರುವಾಗ ಎಂಬ ತಿಳಿವಳಿಕೆ ಈ ಪಂಚಾಂಗದಲ್ಲಿದೆ.

ಕಸುಬುದಾರರ ರಜೆ ಚಂದ್ರನನ್ನು ಅನುಸರಿಸಿತು. ಉತ್ತರ ಕರ್ನಾಟಕದ ಬಡಿಗರು, ಕಮ್ಮಾರರು, ಗೌಂಡಿಗಳು ಅಮಾವಾಸ್ಯೆಯಂದು ಹತಾರ ಮುಟ್ಟುತ್ತಿರಲಿಲ್ಲ. ಇಂದಿಗೂ ಆ ಕಡೆ ಮನೆ ಕಟ್ಟಿಸುವವರು ಅಮಾವಾಸ್ಯೆಯನ್ನು ಬಿಟ್ಟೇ ಲೆಕ್ಕ ಹಾಕುತ್ತಾರೆ. ಹತಾರಗಳನ್ನು ತೊಳೆದು, ಕುಂಕುಮವಿಟ್ಟು, ಕಾಯಿ ಒಡೆದರೆ ಅಂದಿನ ಕೆಲಸ ಮುಗಿಯಿತು. ವರ್ಷಕ್ಕೊಮ್ಮೆ ಬರುವ ಆಯುಧಪೂಜೆಯ ತಿಂಗಳ ರೂಪ ಇದು ಎನ್ನಬಹುದು. ಇಲ್ಲಿಯೂ ವಿಶ್ರಾಂತಿ ಸಲ್ಲುವುದು ಹತಾರಕ್ಕೆ, ಮನುಷ್ಯ ಅದರ ಜೊತೆಗಾರ. ಕೂಲಿಯ ಮಾತು ಬಂದರೆ ಮುಟ್ಟದ ದಿನಕ್ಕೆ ಕೂಲಿಯಿಲ್ಲ. ಸಂಬಳ ಸಹಿತ ರಜೆ ಎಂಬ ಕಲ್ಪನೆಯೇ ಈ ವ್ಯವಸ್ಥೆಯಲ್ಲಿ ಇರಲಿಲ್ಲ.

ಓದುವವರಿಗೆ ಅನಧ್ಯಯನದ ದಿನಗಳಿದ್ದವು. ಅಷ್ಟಮಿ, ಚತುರ್ದಶಿ, ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ವೇದಪಾಠ ಕೂಡದು ಎಂದು ಮನುಸ್ಮೃತಿ ಹೇಳುತ್ತದೆ. ಪಾಡ್ಯವೂ ಈ ಪಟ್ಟಿಗೆ ಸೇರಿತು. ಪಾಡ್ಯದ ದಿನ ಓದುವವನ ವಿದ್ಯೆಯಂತೆ ಸೀತೆ ಸೊರಗಿದ್ದಾಳೆಂದು ಸುಂದರಕಾಂಡದಲ್ಲಿ ಹನುಮಂತ ವರ್ಣಿಸುವುದನ್ನು ನೋಡಿದರೆ ರಜೆಯ ದಿನ ಓದಿದರೆ ಕಲಿತದ್ದೂ ಕರಗುತ್ತದೆಂಬ ನಂಬಿಕೆ ಎಷ್ಟು ಹಳೆಯದೆಂದು ತಿಳಿಯುತ್ತದೆ. ಮಳೆ, ಗುಡುಗು, ಧೂಳುಗಾಳಿ, ಊರಿನಲ್ಲಿ ಸಾವು ಇವುಗಳೂ ಪಾಠ ನಿಲ್ಲಿಸಲು ಕಾರಣಗಳೇ. ಬಾಯಿಪಾಠವೇ ಆಧಾರವಾದ ವಿದ್ಯೆಯಲ್ಲಿ ಪಕ್ಷಕ್ಕೆ ಮೂರು ನಾಲ್ಕು ದಿನ ತಲೆಗೆ ಹೊಸದನ್ನು ತುಂಬದಿರುವುದು ಒಳ್ಳೆಯ ಕ್ರಮವೇ.

ಮಕ್ಕಳಿಗೆ ಆ ಬಿಡುವು ಎಷ್ಟು ಬೇಕಾಗಿತ್ತೆಂಬುದಕ್ಕೆ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಮದರಾಸಿಗೆ ಕಳುಹಿಸಿದ ವರದಿ ಸಾಕ್ಷಿ. ಆ ಜಿಲ್ಲೆಯ ಊರ ಮಠಗಳು ಬೆಳಿಗ್ಗೆ ಆರಕ್ಕೇ ಶುರುವಾಗುತ್ತಿದ್ದವು. ಮೊದಲು ಬಂದ ಹುಡುಗನ ಅಂಗೈ ಮೇಲೆ ಗೌರವಕ್ಕೆಂದು ಸರಸ್ವತಿಯ ಹೆಸರು ಬರೆಯುವುದು; ಎರಡನೆಯವನ ಕೈಗೆ ಒಂದು ಸೊನ್ನೆ, ಅವನಿಗೆ ಹೊಗಳಿಕೆಯೂ ಇಲ್ಲ ಬೈಗುಳವೂ ಇಲ್ಲ; ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದವರಿಗೆಲ್ಲ ಒಂದೊಂದು ಹೆಚ್ಚು. ಇಪ್ಪತ್ತನೆಯವನಾಗಿ ಬರುವ ಹುಡುಗ ದಾರಿಯುದ್ದಕ್ಕೂ ಏನು ಲೆಕ್ಕ ಹಾಕುತ್ತಿದ್ದನೆಂದು ಊಹಿಸುವುದು ಕಷ್ಟವಲ್ಲ.

ಏಳು ದಿನದ ವಾರವೇ ಈ ನೆಲದಲ್ಲಿ ಮೊದಲಿನಿಂದ ಇದ್ದದ್ದಲ್ಲ. ಅಶೋಕನ ಐದನೆಯ ಸ್ತಂಭಶಾಸನ ಹೋರಿಗಳ ಬೀಜ ಒಡೆಯಬಾರದ, ಎತ್ತು-ಕುದುರೆಗಳಿಗೆ ಬರೆ ಹಾಕಬಾರದ ದಿನಗಳನ್ನು ಹೆಸರಿಸುವಾಗ ತಿಥಿ ಮತ್ತು ನಕ್ಷತ್ರಗಳನ್ನು ಹೇಳುತ್ತದೆ, ವಾರವನ್ನಲ್ಲ. ವಾರದ ಹೆಸರಿರುವ ಭಾರತದ ಹಳೆಯ ಶಾಸನಗಳಲ್ಲಿ ಮುಖ್ಯವಾದದ್ದು ಮಧ್ಯಪ್ರದೇಶದ ಏರಣದ್ದು. ಬುಧಗುಪ್ತನ ಕಾಲದ ಅದು ಸಾಮಾನ್ಯಶಕ 484ರ ಒಂದು ಗುರುವಾರವನ್ನು ದಾಖಲಿಸುತ್ತದೆ. ಕಲ್ಯಾಣ ಚಾಲುಕ್ಯರ ಹೊತ್ತಿಗೆ ಕನ್ನಡ ಶಾಸನಗಳಲ್ಲಿ ಶಕವರ್ಷ, ಮಾಸ, ತಿಥಿಗಳ ಜೊತೆ ಆದಿತ್ಯವಾರ, ಸೋಮವಾರಗಳು ಬರುವುದು ಮಾಮೂಲಾಯಿತು. ಹೀಗೆ ತಿಥಿಯ ರಜೆ ಹಳೆಯದು, ವಾರದ ರಜೆ ಅದರ ಮೇಲೆ ಬಂದು ಕುಳಿತದ್ದು. ಎರಡೂ ಒಟ್ಟಿಗೆ ಉಳಿದುಕೊಂಡವು.

ವಾರ ಜನರ ಬದುಕಿನಲ್ಲಿ ಬೇರು ಬಿಟ್ಟದ್ದು ಮುಖ್ಯವಾಗಿ ಸಂತೆಯಿಂದ. ಕೊಡಗಿನ ಸೋಮವಾರಪೇಟೆ, ಶನಿವಾರಸಂತೆಗಳ ಹೆಸರೇ ಅದನ್ನು ಹೇಳುತ್ತದೆ. ಅಕ್ಕಪಕ್ಕದ ಊರುಗಳ ಸಂತೆ ಒಂದೇ ದಿನ ಬೀಳದಂತೆ ವಾರ ಹಂಚಿಕೊಂಡದ್ದರಿಂದ ವ್ಯಾಪಾರಿ ದಿನಕ್ಕೊಂದು ಊರು ಸುತ್ತಬಹುದಿತ್ತು. ಊರವರಿಗೆ ವಾರಕ್ಕೊಂದು ದಿನ ಹೊಲದಿಂದ ಹೊರಗೆ ಕಾಲಿಡಲು ಯಾರೂ ಆಕ್ಷೇಪಿಸದ ನೆಪ ಸಿಗುತ್ತಿತ್ತು. ಉಪ್ಪು, ಮೆಣಸಿನಕಾಯಿ, ಹೊಗೆಸೊಪ್ಪು ಕೊಳ್ಳುವುದು ಅರ್ಧ ಗಂಟೆಯ ಕೆಲಸ. ಉಳಿದ ಹೊತ್ತು ಲಾಳ ಕಟ್ಟಿಸುವಲ್ಲಿ ನಿಂತು ಮಾತು, ಮಗಳನ್ನು ಕೊಟ್ಟ ಊರಿನವರ ಭೇಟಿ, ಮದುವೆಯ ಪ್ರಸ್ತಾಪ, ಸಾಲದ ವಾಯಿದೆ, ಒಂದು ಹೊಟ್ಟೆ ಮಂಡಕ್ಕಿ. ಮನಸ್ಸಿನ ಭಾರ ಇಳಿಸಲು ಅಮಾವಾಸ್ಯೆಯ ನಿಷೇಧಕ್ಕಿಂತ ಸಂತೆಯ ಗದ್ದಲ ಹೆಚ್ಚು ಕೆಲಸ ಮಾಡಿರಬೇಕು.

ಅಡುಗೆಮನೆಗೆ ಮಾತ್ರ ಸೋಮವಾರವೂ ಇಲ್ಲ, ಸಂತೆಯೂ ಅಪರೂಪ. ಎತ್ತು, ನೇಗಿಲು, ಉಳಿಗಳಿಗೆ ಸಿಕ್ಕ ವಾರದ ಬಿಡುವು ಬೀಸುವ ಕಲ್ಲಿಗೂ ಒಲೆಗೂ ಸಿಗಲಿಲ್ಲ. ಹೆಣ್ಣುಮಕ್ಕಳ ನಿಜವಾದ ರಜೆ ತವರು: ಹೊಸದಾಗಿ ಮದುವೆಯಾದವರಿಗೆ ಆಷಾಢ, ಉತ್ತರ ಕರ್ನಾಟಕದಲ್ಲಿ ಎಲ್ಲ ಹೆಣ್ಣುಮಕ್ಕಳಿಗೂ ಪಂಚಮಿಯ ಜೋಕಾಲಿ. ತಿಂಗಳಿಗೆ ಮೂರು ದಿನ ಹೊರಗೆ ಕೂರಿಸುತ್ತಿದ್ದುದನ್ನು ಅವರಿಗೆ ಕೊಟ್ಟ ವಿಶ್ರಾಂತಿಯೆಂದು ಸಮರ್ಥಿಸುವವರಿದ್ದಾರೆ. ಮುಟ್ಟಬೇಡವೆಂದು ದೂರ ಇಡುವುದನ್ನು ಬಿಡುವೆಂದು ಕರೆಯುವುದು ನ್ಯಾಯವಲ್ಲ.

ಭಾನುವಾರ ಬಂದದ್ದು ಬೇರೆ ದಾರಿಯಲ್ಲಿ. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ 321ರಲ್ಲಿ ನ್ಯಾಯಾಧೀಶರು, ಪಟ್ಟಣದವರು ಮತ್ತು ಕಸುಬುದಾರರು ಸೂರ್ಯನ ದಿನ ಕೆಲಸ ನಿಲ್ಲಿಸಬೇಕೆಂದು ಆಜ್ಞೆ ಹೊರಡಿಸಿದ. ಹದ ತಪ್ಪಬಾರದೆಂದು ಬೇಸಾಯಗಾರರಿಗೆ ಮಾತ್ರ ವಿನಾಯಿತಿ ಕೊಟ್ಟ. ಬಯಲುಸೀಮೆಯ ಸೋಮವಾರಕ್ಕೆ ಇದು ತದ್ವಿರುದ್ಧ. ಅಲ್ಲಿ ನೇಗಿಲಿಗೆ ರಿಯಾಯಿತಿ, ಇಲ್ಲಿ ನೇಗಿಲಿಗೇ ಮೊದಲ ತಡೆ. ಕ್ರೈಸ್ತ ಜಗತ್ತಿನ ಆ ಭಾನುವಾರ ಕಂಪನಿಯ ಕಚೇರಿಗಳ ಮೂಲಕ, ಪಾದ್ರಿಗಳ ಮೂಲಕ ಇಲ್ಲಿಗೆ ಬಂತು. ಕರಾವಳಿಯಲ್ಲಿ ಅದನ್ನು ಕಾರ್ಖಾನೆಗೆ ತಂದವರು ಬಾಸೆಲ್ ಮಿಷನ್ನಿನವರು. 1834ರಲ್ಲಿ ಮಂಗಳೂರಿಗೆ ಬಂದ ಮಿಷನ್ ನೇಯ್ಗೆಯನ್ನು ಆರಂಭಿಸಿ, 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಅಲ್ಲಿನ ಭಾನುವಾರ ಪ್ರಾರ್ಥನೆಯ ದಿನ. ಆಗಲೂ ರಜೆ ಸಂದದ್ದು ದೇವರಿಗೇ.

ಭಾನುವಾರವನ್ನು ದುಡಿಯುವವನ ಹಕ್ಕಾಗಿ ಕೇಳಿದ್ದು ಮುಂಬಯಿಯ ಗಿರಣಿಗಳಲ್ಲಿ. ಅಲ್ಲಿ ಬೆಳಕು ಹರಿದಾಗ ಶುರುವಾದ ಕೆಲಸ ಬೆಳಕು ಕರಗುವವರೆಗೆ. ಭಾನುವಾರ ಗಿರಣಿ ನಿಂತರೂ ಯಂತ್ರ ಒರೆಸಿ ಎಣ್ಣೆ ಬಿಡಲು ಕೆಲಸಗಾರರನ್ನು ಕರೆಸಿಕೊಳ್ಳುವುದಿತ್ತು. ಭಾರತದ ಮೊದಲ ಕಾರ್ಖಾನೆ ಕಾಯ್ದೆ 1881ರದು. ನೂರು ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿದ್ದ ಕಾರ್ಖಾನೆಗಳಲ್ಲಿ 7ರಿಂದ 12 ವರ್ಷದ ಮಕ್ಕಳ ದುಡಿಮೆಯನ್ನು ದಿನಕ್ಕೆ 9 ಗಂಟೆಗೆ ಇಳಿಸಿ, ತಿಂಗಳಿಗೆ ನಾಲ್ಕು ರಜೆ ಕೊಟ್ಟಿತು. ದೊಡ್ಡವರಿಗೆ ಏನೂ ಇಲ್ಲ. ಈ ಕಾಯ್ದೆಗೆ ಲ್ಯಾಂಕಶೈರಿನ ಗಿರಣಿ ಮಾಲೀಕರ ಒತ್ತಾಯವೂ ಕಾರಣ. ಮುಂಬಯಿಯ ಅಗ್ಗದ ನೂಲಿನ ಪೈಪೋಟಿ ಅವರನ್ನು ಇಲ್ಲಿಯ ಕೂಲಿಗಳ ಮೇಲೆ ಮರುಗುವಂತೆ ಮಾಡಿತ್ತು.

ಜೋತಿರಾವ್ ಫುಲೆಯವರ ಸತ್ಯಶೋಧಕ ಚಳವಳಿಯಲ್ಲಿ ಬೆಳೆದ ನಾರಾಯಣ ಮೇಘಾಜಿ ಲೋಖಂಡೆ ‘ದೀನಬಂಧು’ ಪತ್ರಿಕೆಯ ಸಂಪಾದಕರು. 1884ರ ಸೆಪ್ಟೆಂಬರಿನಲ್ಲಿ ಅವರು ಪರೇಲಿನಲ್ಲಿ ಗಿರಣಿ ಕೆಲಸಗಾರರ ಸಭೆ ಸೇರಿಸಿ, ಸುಮಾರು 5,500 ಜನರ ಸಹಿಯ ಮನವಿಯನ್ನು ಕಾರ್ಖಾನೆ ಆಯೋಗದ ಮುಂದಿಟ್ಟರು. ಭಾನುವಾರ ಪೂರ್ತಿ ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು, ಬೆಳಿಗ್ಗೆ 6.30ರಿಂದ ಸೂರ್ಯಾಸ್ತದವರೆಗೆ ಮಾತ್ರ ಕೆಲಸ, ಮುಂದಿನ ತಿಂಗಳ 15ರೊಳಗೆ ಸಂಬಳ: ಇಷ್ಟೇ ಬೇಡಿಕೆ. ಸೂರ್ಯಾಸ್ತದವರೆಗೆ ದುಡಿಯುತ್ತೇವೆಂದು ಒಪ್ಪಿಕೊಂಡೇ ಕೇಳಿದ ಈ ಪಟ್ಟಿ ಆ ದಿನಗಳ ದುಡಿಮೆ ಎಷ್ಟು ಉದ್ದವಿತ್ತೆಂದು ತಿಳಿಸುತ್ತದೆ. 1890ರ ಏಪ್ರಿಲ್ 24ರಂದು ನಡೆದ ಸಭೆಯಲ್ಲಿ ಸುಮಾರು ಹತ್ತು ಸಾವಿರ ಜನ ಸೇರಿದ್ದರು. ಇಬ್ಬರು ಹೆಂಗಸರೂ ಮಾತನಾಡಿದರು. ಅದೇ ವರ್ಷ ಜೂನ್ 10ರಂದು ಗಿರಣಿ ಮಾಲೀಕರ ಸಂಘ ಭಾನುವಾರದ ರಜೆಯನ್ನು ಒಪ್ಪಿತು. ಭಾನುವಾರ ಖಂಡೋಬನ ದಿನ, ಆದ್ದರಿಂದ ಅದೇ ರಜೆ ಬೇಕು ಎಂದು ಲೋಖಂಡೆ ವಾದಿಸಿದರೆಂಬ ಮಾತು ಮಹಾರಾಷ್ಟ್ರದಲ್ಲಿ ಪ್ರಚಲಿತವಾಗಿದೆ. ಖಂಡೋಬನೇ ಕನ್ನಡಿಗರ ಮೈಲಾರಲಿಂಗ. ಅವನ ಒಕ್ಕಲಿಗೆ ಇಲ್ಲಿಯೂ ಭಾನುವಾರವೇ ದೇವರ ವಾರ. ಇಗರ್ಜಿಯ ದಿನ ಮೈಲಾರನ ದಿನವೂ ಆಗಿದ್ದದ್ದು ಹೊಸ ರಜೆ ಪರಕೀಯ ಅನ್ನಿಸದಿರಲು ನೆರವಾಗಿರಬಹುದು.

1891ರ ತಿದ್ದುಪಡಿ ಐವತ್ತು ಕೆಲಸಗಾರರಿರುವ ಕಾರ್ಖಾನೆಗಳಿಗೂ ವ್ಯಾಪಿಸಿ, ಎಲ್ಲರಿಗೂ ವಾರಕ್ಕೊಂದು ರಜೆ ಮತ್ತು ಮಧ್ಯಾಹ್ನದ ಅರ್ಧ ಗಂಟೆಯನ್ನು ಕಡ್ಡಾಯಗೊಳಿಸಿತು. ಹೆಂಗಸರಿಗೆ ದಿನಕ್ಕೆ 11 ಗಂಟೆಯ ಮಿತಿ ಬಂತು. ಗಂಡಸರ ದುಡಿಮೆಗೆ ಮಿತಿ ಬರಲು 1911ರವರೆಗೆ ಕಾಯಬೇಕಾಯಿತು. ಧಾರವಾಡ, ಬೆಳಗಾವಿ, ವಿಜಯಪುರಗಳು ಬಾಂಬೆ ಪ್ರೆಸಿಡೆನ್ಸಿಗೆ ಸೇರಿದ್ದರಿಂದ ಕಾಯ್ದೆ ಅಲ್ಲಿಗೆ ನೇರವಾಗಿ ಬಂತು. 1884ರಲ್ಲೇ ಬಟ್ಟೆ ಗಿರಣಿ ಕಂಡ ಬೆಂಗಳೂರು ಮೈಸೂರು ಸಂಸ್ಥಾನದಲ್ಲಿದ್ದುದರಿಂದ ಅಲ್ಲಿಗೆ ಹಾಗೆ ಬರಲಿಲ್ಲ. ಈ ನಡುವೆ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿಗೂ ಮುಟ್ಟಿತು. ಸೂರ್ಯ ಮುಳುಗಿದರೆ ಕೆಲಸ ನಿಲ್ಲುತ್ತದೆ ಎಂಬ ಕಾಲ ಮುಗಿದು, ಪಾಳಿಯ ಕಾಲ ಶುರುವಾಯಿತು.

ರಜೆ ಕೊಟ್ಟರೆ ಉತ್ಪಾದನೆ ಇಳಿಯುತ್ತದೆಂಬ ಮಾಲೀಕರ ವಾದಕ್ಕೆ ಉತ್ತರ ಸಿಕ್ಕಿದ್ದು ಮೊದಲನೆಯ ಮಹಾಯುದ್ಧದಲ್ಲಿ. ಮದ್ದುಗುಂಡಿಗಾಗಿ ವಾರಕ್ಕೆ ಏಳು ದಿನವೂ ನಡೆಯುತ್ತಿದ್ದ ಬ್ರಿಟನ್ನಿನ ಕಾರ್ಖಾನೆಗಳನ್ನು ಪರಿಶೀಲಿಸಲು 1915ರಲ್ಲಿ ನೇಮಕವಾದ ಸಮಿತಿ, ಭಾನುವಾರವೂ ದುಡಿಸಿದ್ದರಿಂದ ಉತ್ಪನ್ನ ಏರಿಲ್ಲ, ದಣಿವು ಮತ್ತು ಗೈರುಹಾಜರಿ ಏರಿವೆ ಎಂಬ ನಿಲುವಿಗೆ ಬಂತು. ದಣಿವು ಸೋಮಾರಿತನವಲ್ಲ, ಅಳೆಯಬಹುದಾದ ಸಂಗತಿ ಎಂಬುದು ಆಡಳಿತದ ತಲೆಗೆ ಹೊಕ್ಕಿದ್ದು ಹೀಗೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1921ರ ಒಪ್ಪಂದದಲ್ಲಿ ಏಳು ದಿನಕ್ಕೊಮ್ಮೆ ಸತತ 24 ಗಂಟೆಗಳ ವಿಶ್ರಾಂತಿಯನ್ನು ನಿಗದಿ ಮಾಡಿತು. ಭಾರತ ಅದನ್ನು 1923ರಲ್ಲಿ ಅನುಮೋದಿಸಿತು. ವಾರದ ದುಡಿಮೆಯ ಮಿತಿ 1922ರಲ್ಲಿ 60 ಗಂಟೆ, 1934ರಲ್ಲಿ 54, 1946ರಲ್ಲಿ 48. ಇಂದಿಗೂ ಪರಿಚಿತವಾದ ಚೌಕಟ್ಟು 1948ರ ಕಾರ್ಖಾನೆ ಕಾಯ್ದೆಯದು: ವಾರದ ರಜೆ ತಪ್ಪಿದರೆ ಬದಲಿ ರಜೆ, ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆ ಬಿಡುವು, ದುಡಿದ ಪ್ರತಿ 20 ದಿನಕ್ಕೊಂದು ಗಳಿಕೆ ರಜೆ. ರಜೆಯ ದಿನವೂ ಸಂಬಳ ಬರುವುದು ಗಳಿಕೆ ರಜೆಯ ದೊಡ್ಡ ಬದಲಾವಣೆ. ಅಮಾವಾಸ್ಯೆಯ ಬಡಿಗನಿಗೆ ಇದು ಕನಸಿನಲ್ಲೂ ಇರಲಿಲ್ಲ.

ಭಾನುವಾರ ಎಲ್ಲೆಡೆ ಒಂದೇ ಸಲ ಹರಡಿತೆಂದಲ್ಲ. ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಬೀದರ್, ಕಲಬುರಗಿ, ರಾಯಚೂರುಗಳಲ್ಲಿ ಸರ್ಕಾರಿ ರಜೆ ಶುಕ್ರವಾರ. ಆ ಸೀಮೆ 1948ರಲ್ಲಿ ಭಾರತಕ್ಕೆ ಸೇರಿದ ಮೇಲೆ ಕಚೇರಿಗಳ ರಜೆ ಭಾನುವಾರಕ್ಕೆ ಹೊರಳಿತು.

ಅಂಗಡಿಗಳವರ ಕಥೆ ಬೇರೆ. 1942ರ ವಾರದ ರಜೆಗಳ ಕಾಯ್ದೆ ಅಂಗಡಿಗೆ ವಾರಕ್ಕೊಂದು ದಿನ ಬಾಗಿಲು ಹಾಕಲು ಹೇಳಿತಾದರೂ ಯಾವ ದಿನವೆಂಬುದನ್ನು ಅಂಗಡಿಯವನಿಗೇ ಬಿಟ್ಟಿತು. ಆ ದಿನವನ್ನು ಬರೆದು ಎದ್ದು ಕಾಣುವಂತೆ ತೂಗುಹಾಕಬೇಕು, ಮೂರು ತಿಂಗಳಿಗೊಮ್ಮೆಗಿಂತ ಹೆಚ್ಚು ಸಲ ಬದಲಿಸಕೂಡದು. 1961ರ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿಯೊಡನೆ ವಾರದ ರಜೆಯನ್ನು ಮುಂದುವರಿಸಿತು. ಹಳೆಯ ರೂಢಿ ಈ ಕಾನೂನಿನೊಳಗೆ ಸದ್ದಿಲ್ಲದೆ ಜಾಗ ಹಿಡಿಯಿತು. ಮಂಗಳವಾರ ತಲೆ ಬೋಳಿಸಿಕೊಳ್ಳುವುದು ಅಶುಭವೆಂದು ಗಿರಾಕಿಯೇ ಬರುತ್ತಿರಲಿಲ್ಲವಾದ್ದರಿಂದ ಕ್ಷೌರದಂಗಡಿಯ ರಜೆ ಮಂಗಳವಾರವೇ ಆಯಿತು. ಭಾನುವಾರ ಊರೆಲ್ಲ ರಜೆಯಲ್ಲಿರುವಾಗ ಕ್ಷೌರಿಕನಿಗೆ ಉಸಿರಾಡಲು ಪುರಸೊತ್ತಿಲ್ಲ.

ಮಲೆನಾಡಿನಲ್ಲಿ ಸಂತೆ ಗೆದ್ದಿತು. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ಏಳು ದಿನಕ್ಕೊಂದು ವಿಶ್ರಾಂತಿಯ ದಿನ ಕೊಡಿಸಿತು. ಕೊಡಗು, ಚಿಕ್ಕಮಗಳೂರಿನ ಎಷ್ಟೋ ಕಾಫಿ ತೋಟಗಳು ಆ ದಿನವನ್ನು ಹತ್ತಿರದ ಊರಿನ ಸಂತೆಯ ದಿನಕ್ಕೆ ಹೊಂದಿಸಿಕೊಂಡವು. ಮಡಿಕೇರಿಯ ಆಸುಪಾಸಿನವರಿಗೆ ಶುಕ್ರವಾರ, ವಿರಾಜಪೇಟೆಯ ಕಡೆಯವರಿಗೆ ಬುಧವಾರ, ಗೋಣಿಕೊಪ್ಪದವರಿಗೆ ಭಾನುವಾರ. ಲೈನ್ ಮನೆಯವರಿಗೆ ಅಕ್ಕಿ, ಒಣಮೀನು, ಮಕ್ಕಳ ಅಂಗಿ ಎಲ್ಲವೂ ಆ ಒಂದೇ ದಿನ ಆಗಬೇಕು. ಸಂತೆಯಿಲ್ಲದ ಭಾನುವಾರ ರಜೆ ಕೊಟ್ಟಿದ್ದರೆ ಅವರಿಗೆ ಅದರಿಂದ ಏನೂ ಒದಗುತ್ತಿರಲಿಲ್ಲ.

ರಜೆ ಎಲ್ಲರಿಗೂ ಒಂದೇ ದಿನ ಇರಬೇಕೇ, ಒಬ್ಬೊಬ್ಬರಿಗೆ ಒಂದೊಂದು ದಿನ ಸಿಕ್ಕರೆ ಸಾಲದೇ ಎಂಬ ಪ್ರಶ್ನೆಯನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ ದೇಶ ಸೋವಿಯತ್ ಒಕ್ಕೂಟ. ಯಂತ್ರ ಒಂದು ದಿನವೂ ನಿಲ್ಲಬಾರದೆಂದು 1929ರಲ್ಲಿ ಅಲ್ಲಿ ಐದು ದಿನದ ವಾರ ತಂದು, ದುಡಿಯುವವರನ್ನು ಐದು ಗುಂಪು ಮಾಡಿ, ಗುಂಪಿಗೊಂದು ಬಣ್ಣ ಕೊಟ್ಟು, ದಿನಕ್ಕೊಂದು ಬಣ್ಣಕ್ಕೆ ರಜೆ ಹಂಚಿದರು. ಲೆಕ್ಕದಲ್ಲಿ ಹೆಚ್ಚು ರಜೆ ಸಿಕ್ಕಿತು. ಗಂಡನ ಬಣ್ಣ ಒಂದು, ಹೆಂಡತಿಯದು ಇನ್ನೊಂದು, ಗೆಳೆಯರದು ಮತ್ತೊಂದಾಗಿ, ಖಾಲಿ ಮನೆಯಲ್ಲಿ ಕುಳಿತು ಕಳೆಯುವ ರಜೆಯ ಮೇಲೆ ದೂರುಗಳು ಬಂದವು. 1931ರಲ್ಲಿ ಎಲ್ಲರಿಗೂ ಒಂದೇ ದಿನ ಬಿಡುವಿರುವ ಆರು ದಿನದ ವಾರ ಬಂತು. 1940ರಲ್ಲಿ ಏಳು ದಿನದ ವಾರವೂ ಭಾನುವಾರವೂ ಮರಳಿದವು.

ಭಾರತದಲ್ಲಿ ರಜೆ ಮೊದಲು ಹಿಗ್ಗಿತು. ಕೇಂದ್ರ ಸರ್ಕಾರದ ಕಚೇರಿಗಳಿಗೆ 1985ರ ಜೂನಿನಿಂದ ಐದು ದಿನದ ವಾರ. ಬ್ಯಾಂಕುಗಳಿಗೆ 2015ರ ಸೆಪ್ಟೆಂಬರಿನಿಂದ ಎರಡನೆಯ ಮತ್ತು ನಾಲ್ಕನೆಯ ಶನಿವಾರ. ಕರ್ನಾಟಕ ಸರ್ಕಾರದ ನೌಕರರಿಗೆ 2019ರಲ್ಲಿ ನಾಲ್ಕನೆಯ ಶನಿವಾರ ಸೇರಿತು, ಪ್ರತಿಯಾಗಿ ಸಾಂದರ್ಭಿಕ ರಜೆ 15ರಿಂದ 10ಕ್ಕೆ ಇಳಿಯಿತು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ಶನಿವಾರ-ಭಾನುವಾರದ ವೀಕೆಂಡನ್ನು ರೂಢಿಗೆ ತಂದರೂ, ಅಮೆರಿಕದ ಹಗಲಿಗೆ ಹೊಂದಿಕೊಂಡ ಅವುಗಳ ಕಾಲ್ ಸೆಂಟರ್‌ಗಳು ರಾತ್ರಿಯನ್ನೇ ಪಾಳಿಯಾಗಿಸಿದವು.

ಈಚಿನ ಕಾನೂನುಗಳು ರಜೆಯನ್ನು ಜಾಗದಿಂದ ಬಿಡಿಸಿ ವ್ಯಕ್ತಿಗೆ ಅಂಟಿಸುತ್ತಿವೆ. ಹತ್ತು ಮತ್ತು ಹೆಚ್ಚು ನೌಕರರಿರುವ ಅಂಗಡಿಗಳು ದಿನದ 24 ಗಂಟೆ, ವರ್ಷದ ಎಲ್ಲ ದಿನ ತೆರೆದಿರಬಹುದೆಂದು ಕರ್ನಾಟಕ 2021ರ ಜನವರಿಯಲ್ಲಿ ಅನುಮತಿ ಕೊಟ್ಟಾಗ ಹಾಕಿದ ಷರತ್ತು, ಪ್ರತಿ ನೌಕರನಿಗೂ ಸರದಿಯಂತೆ ವಾರಕ್ಕೊಂದು ರಜೆ ಇರಬೇಕೆಂಬುದು. 2023ರಲ್ಲಿ ಕಾರ್ಖಾನೆ ಕಾಯ್ದೆಗೆ ರಾಜ್ಯ ತಂದ ತಿದ್ದುಪಡಿ, ವಾರದ 48 ಗಂಟೆಯ ಮಿತಿಯನ್ನು ಉಳಿಸಿಕೊಂಡೇ, ದಿನದ ದುಡಿಮೆಯನ್ನು 12 ಗಂಟೆಗೆ ಏರಿಸಲು ಅವಕಾಶ ಕೊಟ್ಟಿತು. ಲೆಕ್ಕದಂತೆ ನಾಲ್ಕು ದಿನ ದುಡಿದರೆ ಮೂರು ದಿನ ಬಿಡುವು. ವಾರಕ್ಕೆ 55 ಗಂಟೆ ಮತ್ತು ಹೆಚ್ಚು ದುಡಿಯುವವರಲ್ಲಿ, 35ರಿಂದ 40 ಗಂಟೆ ದುಡಿಯುವವರಿಗಿಂತ, ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೇರಿ 2021ರಲ್ಲಿ ಅಂದಾಜು ಮಾಡಿದ್ದರಿಂದ, ವಾರದ ಮಿತಿಯ ಮೇಲೆ ಓವರ್‌ಟೈಮ್ ಎಷ್ಟು ಸೇರುತ್ತದೆಂಬುದೇ ಇಲ್ಲಿ ಮುಖ್ಯ. ಆ್ಯಪ್ ನೋಡಿಕೊಂಡು ಊಟ ತಲುಪಿಸುವ ಬೈಕ್ ಸವಾರರು ಹಾಜರಿ ಪುಸ್ತಕಕ್ಕೂ ಅಂಗಡಿಯ ಬಾಗಿಲಿಗೂ ಸೇರಿದವರಲ್ಲ. ಅವರು ಆ್ಯಪ್ ಆಫ್ ಮಾಡಿದ ದಿನವೇ ಅವರ ರಜೆ, ಅಂದಿಗೆ ಗಳಿಕೆಯೂ ಇಲ್ಲ.